ಪಾಠಶಾಲೆಯ ಸಮಿತಿಗೆ ಯಾರನ್ನು ಆರಿಸಬೇಕು?

(ಗುಂಡ್ಲುಪೇಟೆಯಲ್ಲಿ ಶಾಲಾಮಕ್ಕಳ ತಂದೆತಾಯಿಗಳ ಸಭೆಯಲ್ಲಿ ಮಾಡಿದ ಭಾಷಣ)



ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಸರಕಾರಿ ಪಾಠಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಮೇಲುನೋಟಕ್ಕೆ ಇದು ಬಹು ಸಣ್ಣ ವಿಷಯ. ವಿಧಾನಸಭೆಯ ಚುನಾವಣೆ ಬಂದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಗ್ರಾಮಪಂಚಾಯಿತಿಯ ಚುನಾವಣೆಯಲ್ಲಿ ಅಣ್ಣತಮ್ಮಂದಿರೇ ಎದುರಾಳಿಗಳಾಗುತ್ತಾರೆ. ಪಾಠಶಾಲೆಯ ಸಮಿತಿಯನ್ನು ಆರಿಸುವ ದಿನವಾದರೋ ಎಷ್ಟೋ ಊರುಗಳಲ್ಲಿ ಬಂದವರನ್ನು ಬೆರಳು ಮಡಿಸಿ ಎಣಿಸಬಹುದು. ಆದರೆ ನಮ್ಮ ಮಗುವಿನ ನಾಳೆಯ ದಿನಕ್ಕೆ ಅತ್ಯಂತ ಹತ್ತಿರವಾದ ಅಧಿಕಾರ ಯಾವುದು? ಮೇಷ್ಟರು ಬಂದರೆ, ಊಟ ಬೆಂದಿತೆ, ನೀರು ಇದೆಯೆ, ಹಾಜರಿ ಪುಸ್ತಕದಲ್ಲಿ ಹೆಸರಿರುವ ಹುಡುಗಿ ತರಗತಿಯಲ್ಲಿ ಕುಳಿತಿದ್ದಾಳೆಯೆ ಎಂದು ಕೇಳುವ ಹಕ್ಕುಳ್ಳ ಊರಿನ ಸಂಸ್ಥೆ ಇದೇ.

ಆದುದರಿಂದ ನಮ್ಮ ವಿಜ್ಞಾಪನೆ ಒಂದೇ. ಉಮೇದುವಾರರನ್ನು ಹೋಲಿಸಿ ನೋಡದೆ ಆರಿಸಬೇಡಿ. ಹೋಲಿಸುವಾಗ ಸಮಿತಿ ಮಾಡಬೇಕಾದ ಕೆಲಸವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ.

ಮೊದಲು ಕಾಯಿದೆ ಏನು ಹೇಳುತ್ತದೆಂಬುದನ್ನು ತಿಳಿಯೋಣ. ಕರ್ನಾಟಕದಲ್ಲಿ ಈ ಸಮಿತಿಗಳು 2001ರಲ್ಲಿ ಸರಕಾರದ ಆಜ್ಞೆಯಿಂದ ಹುಟ್ಟಿದುವು. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆ ಆಗ ವಿದ್ಯಾಭ್ಯಾಸದ ಸುಧಾರಣೆಯನ್ನು ವಿಚಾರಮಾಡುತ್ತಿದ್ದಿತು. ಶಾಲೆಯ ಮೇಲ್ವಿಚಾರಣೆ ಮಕ್ಕಳ ತಂದೆತಾಯಿಗಳ ಕೈಯಲ್ಲಿರಬೇಕೆಂಬುದು ಆ ಕಾಲದ ವಿಚಾರದ ಫಲ. ಬಳಿಕ ಭಾರತದ ಸಂಸತ್ತು 2009ರಲ್ಲಿ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯನ್ನು ಮಾಡಿತು. 2010ರ ಏಪ್ರಿಲ್ 1ರಂದು ಅದು ಜಾರಿಗೆ ಬಂದಿತು. ಅದರ 21ನೆಯ ಪ್ರಕರಣದ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ಕಡಿಮೆಯಿಲ್ಲದಂತೆ ಅದೇ ಶಾಲೆಯ ಮಕ್ಕಳ ತಂದೆತಾಯಿಗಳು ಅಥವಾ ಪೋಷಕರು ಇರಬೇಕು. ಸಮಿತಿಯಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರಿರಬೇಕು. ಹಿಂದುಳಿದ ಮತ್ತು ದುರ್ಬಲ ವರ್ಗಗಳ ಮಕ್ಕಳ ತಂದೆತಾಯಿಗಳಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಸಮಿತಿಯ ಮುಖ್ಯ ಕರ್ತವ್ಯಗಳು ಮೂರು: ಶಾಲೆ ನಡೆಯುವ ರೀತಿಯನ್ನು ನೋಡುತ್ತಿರುವುದು, ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ತಯಾರಿಸಿ ಕಳುಹಿಸುವುದು, ಸರಕಾರದಿಂದಾಗಲಿ ಬೇರೆ ಮೂಲದಿಂದಾಗಲಿ ಬಂದ ಹಣ ಹೇಗೆ ಖರ್ಚಾಯಿತೆಂಬುದನ್ನು ಪರಿಶೀಲಿಸುವುದು. ಇವಿಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಮೇದುವಾರರ ಎಷ್ಟೋ ವಾಗ್ದಾನಗಳು ತಾವಾಗಿ ಉದುರಿಹೋಗುತ್ತವೆ.

ಜನರಿಗೆ ಶಾಲೆಯನ್ನು ಒಪ್ಪಿಸುವ ಪ್ರಯತ್ನ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1913ರ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನು ಗೊತ್ತಾದ ಪ್ರದೇಶಗಳಲ್ಲಿ ಹುಡುಗರ ವಿದ್ಯಾಭ್ಯಾಸವನ್ನು ಕಡ್ಡಾಯಗೊಳಿಸಲು ದಾರಿ ಮಾಡಿತು. 1930ರ ರೆಗ್ಯುಲೇಷನ್ನಿನಿಂದ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ವಿದ್ಯಾಧಿಕಾರ ಸಂಸ್ಥೆಗಳಿಗೆ ವಹಿಸಲಾಯಿತು. ಆದರೆ ಆ ಏರ್ಪಾಡು ಬೇರೂರಲಿಲ್ಲ. 1941ರ ಕಾಯಿದೆಯಿಂದ ಸರಕಾರವೇ ಆಡಳಿತವನ್ನು ತನ್ನ ಕೈಗೆ ಮರಳಿ ತೆಗೆದುಕೊಂಡಿತು. ಆ ಕಾಲದಲ್ಲಿ ಕನ್ನಡಿಗರು ಒಂದೇ ಆಡಳಿತದಲ್ಲಿರಲಿಲ್ಲವೆಂಬುದನ್ನೂ ನೆನೆಯಬೇಕು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರಿನಲ್ಲಿದ್ದರೆ, ನೆರೆಯ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿಯ ಶಾಲೆಗಳಿಗೆ 1920ರ ಮದರಾಸು ಕಾಯಿದೆ. ಧಾರವಾಡ, ಬೆಳಗಾವಿ, ಬಿಜಾಪುರಗಳಿಗೆ 1923ರ ಮುಂಬಯಿ ಕಾಯಿದೆ. ಅಲ್ಲಿ ಸ್ಕೂಲ್ ಬೋರ್ಡುಗಳು. ಒಂದೇ ನುಡಿಯ ಮಕ್ಕಳು, ಬೇರೆ ಬೇರೆ ಕಾನೂನುಗಳು! 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಈ ತಾಲ್ಲೂಕುಗಳೆಲ್ಲ ಒಂದೇ ಜಿಲ್ಲೆಯೊಳಗಾದುವು. ಈ ಚರಿತ್ರೆಯಿಂದ ನಾವು ತಿಳಿಯತಕ್ಕದ್ದು ಇಷ್ಟು: ಶಾಲೆಯ ಆಡಳಿತದಲ್ಲಿ ಜನರ ಹಕ್ಕು ಒಮ್ಮೆ ಕೊಟ್ಟರೆ ಶಾಶ್ವತವಾಗಿ ಉಳಿಯುವ ವಸ್ತುವಲ್ಲ. ಬಂದ ಹಕ್ಕು ಹೋದದ್ದೂ ಉಂಟು.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ 1870ರ ಕಾಯಿದೆಯಿಂದ ಚುನಾಯಿತ ಸ್ಕೂಲ್ ಬೋರ್ಡುಗಳು ಏರ್ಪಟ್ಟುವು. ಅಲ್ಲಿಯ ಸ್ತ್ರೀಯರಿಗೆ ಪಾರ್ಲಿಮೆಂಟಿನ ಮತಾಧಿಕಾರ ದೊರೆಯುವುದಕ್ಕೆ 1918ರವರೆಗೆ ಕಾಯಬೇಕಾಯಿತು. ಆದರೆ ಸ್ಕೂಲ್ ಬೋರ್ಡಿಗೆ ಅವರು ಆಗಲೇ ನಿಲ್ಲಬಹುದಾಗಿತ್ತು. ಅದೇ ವರ್ಷ ಲಂಡನ್ನಿನ ಬೋರ್ಡಿಗೆ ವೈದ್ಯೆಯಾದ ಎಲಿಜಬೆತ್ ಗ್ಯಾರೆಟ್ ತಮ್ಮ ಕ್ಷೇತ್ರದಲ್ಲಿ ಎಲ್ಲ ಪುರುಷರನ್ನೂ ಮೀರಿಸಿ ಅತ್ಯಧಿಕ ಮತಗಳನ್ನು ಪಡೆದು ಆರಿಸಿ ಬಂದರು. ಮಕ್ಕಳ ಶಾಲೆಯ ವಿಷಯದಲ್ಲಿ ತಾಯಂದಿರ ಮಾತಿಗೆ ಎಷ್ಟು ತೂಕವಿದೆಯೆಂಬುದನ್ನು ಆ ಮತದಾರರು ಅರಿತಿದ್ದರು. ಇದಕ್ಕೆ ವಿರುದ್ಧವಾದ ಪಾಠ ಅಮೆರಿಕದ ನ್ಯೂಯಾರ್ಕಿನಿಂದ ಬರುತ್ತದೆ. ಆ ಮಹಾನಗರದಲ್ಲಿ 1970ರಿಂದ ಬಡಾವಣೆಗಳ ಶಾಲೆಗಳಿಗೆ ಜನರೇ ಆರಿಸಿದ ಬೋರ್ಡುಗಳಿದ್ದುವು. ಕ್ರಮೇಣ ಮತ ಹಾಕಲು ಬರುವವರೇ ಇಲ್ಲವಾದರು. 1990ರ ದಶಕದ ಕೊನೆಯ ಹೊತ್ತಿಗೆ ನೂರು ಮತದಾರರಲ್ಲಿ ಹತ್ತು ಮಂದಿಯೂ ಬರುತ್ತಿರಲಿಲ್ಲ. ಬಹುಜನರು ಮನೆಯಲ್ಲಿ ಕುಳಿತಾಗ ಸ್ವಂತ ಲಾಭವಿದ್ದ ಕೆಲವರಿಗೆ ಬೋರ್ಡುಗಳು ಸುಲಭವಾಗಿ ಸಿಕ್ಕಿದುವು. ಕೆಲವು ಬೋರ್ಡುಗಳಲ್ಲಿ ನೌಕರಿಗಳನ್ನು ತಮ್ಮವರಿಗೆ ಹಂಚುವ ದೂರುಗಳು ಬಂದುವು. ಕಡೆಗೆ 2002ರಲ್ಲಿ ಅವುಗಳನ್ನು ತೆಗೆದುಹಾಕುವ ಕಾನೂನೇ ಆಯಿತು.

ನಮ್ಮ ಹಳ್ಳಿಗಳಲ್ಲಿ ಇದೇ ರೋಗ ಬೇರೊಂದು ವೇಷದಲ್ಲಿದೆ. ಅದರ ಹೆಸರು ‘ಅವಿರೋಧ ಆಯ್ಕೆ’. ಸಭೆಯ ಹಿಂದಿನ ರಾತ್ರಿ ಯಾವುದೋ ಜಗಲಿಯ ಮೇಲೆ ನಾಲ್ವರು ಕುಳಿತು ಪಟ್ಟಿಯನ್ನು ಬರೆಯುತ್ತಾರೆ, ಮರುದಿನ ಶಾಲೆಯ ಅಂಗಳದಲ್ಲಿ ಅದನ್ನು ಓದಿ ಹೇಳಲಾಗುತ್ತದೆ, ಚಪ್ಪಾಳೆಯಾಗುತ್ತದೆ. ಬರೆದ ನಾಲ್ವರಲ್ಲಿ ಕೆಲವರ ಮಕ್ಕಳು ಪಟ್ಟಣದ ಖಾಸಗಿ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿರುವುದೂ ಉಂಟು! ಅವರು ತಾವು ಸದಸ್ಯರಾಗುವಂತಿಲ್ಲವಾದ್ದರಿಂದ ತಮ್ಮ ಮಾತು ಕೇಳುವವರನ್ನು ಕೂಡಿಸುತ್ತಾರೆ. ಊರಿನ ಶಾಂತಿಗಾಗಿ ಹೀಗೆ ಮಾಡಿದೆವೆಂದು ಅವರು ಹೇಳುವ ಮಾತನ್ನು ನಾವು ಸಂಪೂರ್ಣವಾಗಿ ತಳ್ಳಿಹಾಕುವುದಿಲ್ಲ. ಚುನಾವಣೆಯ ವೈಷಮ್ಯದಿಂದ ಒಡೆದ ಮನೆಗಳನ್ನು ಎಲ್ಲರೂ ಕಂಡಿದ್ದೇವೆ. ಆದರೆ ಒಮ್ಮತವೆಂಬುದು ಚರ್ಚೆಯಾದ ಮೇಲೆ ಬಂದರೆ ಭೂಷಣ. ಚರ್ಚೆಯನ್ನು ತಪ್ಪಿಸುವುದಕ್ಕಾಗಿ ಬಂದರೆ ಅದು ಬಡವರ ಬಾಯಿಗೆ ಹಾಕಿದ ಬೀಗ. ನಾಲ್ಕು ಹೆಸರುಗಳನ್ನು ಎದುರುಬದುರು ಇಟ್ಟು ಶಾಂತವಾಗಿ ತೂಗಿ ನೋಡಿದ ಮಾತ್ರಕ್ಕೆ ಊರು ಒಡೆಯುವುದಿಲ್ಲ.

ಹಾಗಾದರೆ ತೂಗುವುದು ಹೇಗೆ? ಯಾವ ಊರಿನ ಯಾವ ವ್ಯಕ್ತಿಯನ್ನೂ ಉದ್ದೇಶಿಸದೆ, ಮೂರು ಬಗೆಯ ಉಮೇದುವಾರರನ್ನು ಕಲ್ಪಿಸಿಕೊಳ್ಳೋಣ. ಮೂವರ ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತಿದ್ದಾರೆಂದಿಟ್ಟುಕೊಳ್ಳಿ.

ಮೊದಲನೆಯವರು ಸ್ಥಿತಿವಂತರು. ಸಣ್ಣಪುಟ್ಟ ಕಂಟ್ರಾಕ್ಟು ಕೆಲಸಗಳನ್ನು ಮಾಡುತ್ತಾರೆ. ಶಾಸಕರ ಮನೆಯ ಬಾಗಿಲು ಅವರಿಗೆ ತೆರೆದಿರುತ್ತದೆ. ‘ಎರಡು ಕೊಠಡಿ, ಒಂದು ಕಾಂಪೌಂಡು ಗೋಡೆ ತರುತ್ತೇನೆ’ ಎನ್ನುತ್ತಾರೆ. ಎರಡನೆಯವರು ಪದವೀಧರರಾದ ತರುಣರು, ಒಂದು ಪಕ್ಷದ ಕಾರ್ಯಕರ್ತರು, ಸೊಗಸಾಗಿ ಮಾತನಾಡುತ್ತಾರೆ. ‘ಈ ಶಾಲೆಯನ್ನು ಇಂಗ್ಲಿಷ್ ಮಾಧ್ಯಮದ ಶಾಲೆಯಾಗಿ ಮಾಡಿಸುತ್ತೇನೆ’ ಎಂಬುದು ಅವರ ವಾಗ್ದಾನ. ಮೂರನೆಯವರು ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗುವ ಒಬ್ಬ ತಾಯಿ. ಐದನೆಯ ತರಗತಿಯವರೆಗೆ ಓದಿದ್ದಾರೆ. ಸಭೆಯಲ್ಲಿ ಎದ್ದು ನಿಂತರೆ ಮಾತು ಹೊರಡುವುದಿಲ್ಲ. ಆದರೆ ಬೆಳಗ್ಗೆ ತಮ್ಮ ಮಗುವಿನ ಜೊತೆಗೆ ನೆರೆಮನೆಯ ಇಬ್ಬರು ಮೂವರು ಮಕ್ಕಳನ್ನೂ ಎಬ್ಬಿಸಿ ಶಾಲೆಗೆ ಕರೆತರುತ್ತಾರೆ. ಸಾಂಬಾರು ನೀರಾದ ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದವರು ಅವರೇ.

ಮೊದಲನೆಯವರ ಪ್ರಭಾವ ಶಾಲೆಗೆ ಬೇಡವಾದದ್ದಲ್ಲ. ಕಚೇರಿಯಲ್ಲಿ ಕಾಗದ ಮುಂದಕ್ಕೆ ಸರಿಯದಾಗ ಅಂಥವರ ಒಂದು ಮಾತು ಉಪಯೋಗಕ್ಕೆ ಬರುತ್ತದೆ. ಆದರೆ ವಕೀಲವೃತ್ತಿಯಲ್ಲಿರುವ ನಮಗೆ ಒಂದು ಪುರಾತನ ನ್ಯಾಯಸೂತ್ರ ಕಣ್ಣಮುಂದೆ ಬರುತ್ತದೆ: ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು. ಶಾಲೆಗೆ ಬಂದ ಹಣದ ಖರ್ಚನ್ನು ಪರಿಶೀಲಿಸುವುದು ಸಮಿತಿಯ ಕರ್ತವ್ಯ. ಗೋಡೆಯನ್ನು ಕಟ್ಟಿದವರೇ ಗೋಡೆಯ ಲೆಕ್ಕವನ್ನೂ ನೋಡಿದರೆ ಆ ಪರಿಶೀಲನೆಗೆ ಅರ್ಥವೇನು? ಆದುದರಿಂದ ಅವರನ್ನು ಎಲ್ಲರ ಮುಂದೆ ಕೇಳತಕ್ಕ ಪ್ರಶ್ನೆ ಒಂದೇ: ‘ಸಮಿತಿಯಲ್ಲಿರುವಷ್ಟು ಕಾಲ ನೀವಾಗಲಿ ನಿಮ್ಮ ಬಂಧುಗಳಾಗಲಿ ಈ ಶಾಲೆಯ ಯಾವ ಕೆಲಸವನ್ನೂ ಹಿಡಿಯುವುದಿಲ್ಲವೆಂದು ಹೇಳುವಿರಾ?’ ಹೌದೆಂದರೆ ವಿಚಾರಿಸಬಹುದು. ಸುತ್ತುಮಾತಿನ ಉತ್ತರ ಬಂದರೆ ತೀರ್ಮಾನ ಸುಲಭವಾಯಿತು.

ಎರಡನೆಯವರ ವಿದ್ಯೆ ದೊಡ್ಡ ಆಸ್ತಿ. ಕಾಯಿದೆಯನ್ನು ಓದಬಲ್ಲರು, ಅರ್ಜಿಯನ್ನು ಬರೆಯಬಲ್ಲರು, ಲೆಕ್ಕದ ಪುಸ್ತಕವನ್ನು ಅರ್ಥಮಾಡಿಕೊಳ್ಳಬಲ್ಲರು. ಆದರೆ ಅವರು ಕೊಟ್ಟ ವಾಗ್ದಾನ ಸಮಿತಿಯ ಅಧಿಕಾರದೊಳಗಿಲ್ಲ. 2019ರಿಂದ ಸರಕಾರ ಕೆಲವು ಸರಕಾರಿ ಶಾಲೆಗಳಲ್ಲಿ ಕನ್ನಡದ ಜೊತೆಯಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆದಿರುವುದು ನಿಜ. ಅದು ಸರಕಾರದ ತೀರ್ಮಾನ. ಸಮಿತಿ ಬೇಕಾದರೆ ಮನವಿ ಮಾಡಬಹುದು, ಆಜ್ಞೆ ಮಾಡಲಾರದು. ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆನ್ನುವವರು ಕೈಯಲ್ಲಿರುವುದನ್ನು ಮಾಡುವರೆ ಎಂದು ಕೇಳಬೇಕು. ಕಾಯಿದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿದ್ದರೂ ಕನಿಷ್ಠ ಇಬ್ಬರು ಮೇಷ್ಟರು, 61ರಿಂದ 90 ಮಕ್ಕಳಿದ್ದರೆ ಮೂವರು ಇರಬೇಕು. ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಗೃಹ, ಕುಡಿಯುವ ನೀರು, ಆಟದ ಬಯಲು, ಪುಸ್ತಕಾಲಯ ಇರಬೇಕು. ‘ನಮ್ಮ ಶಾಲೆಯಲ್ಲಿ ಇವುಗಳಲ್ಲಿ ಯಾವುದು ಇಲ್ಲ, ಅದಕ್ಕಾಗಿ ಯಾರಿಗೆ ಬರೆಯುವಿರಿ?’ ಎಂದು ಆ ತರುಣರನ್ನು ಕೇಳಿದರೆ, ಉತ್ತರದಲ್ಲಿ ಅವರ ವಿದ್ಯೆಯ ಪರೀಕ್ಷೆಯಾಗುತ್ತದೆ.

ಮೂರನೆಯ ತಾಯಿಯ ವಿಷಯದಲ್ಲಿಯೂ ನಾವು ಬರಿಯ ಮೆಚ್ಚಿಕೆಯ ಮಾತನ್ನಾಡಬಾರದು. ಒಂದು ದಿನದ ಸಭೆ ಅವರಿಗೆ ಒಂದು ದಿನದ ಕೂಲಿಯ ನಷ್ಟ. ರಸೀತಿಗಳನ್ನು ಮುಂದಿಟ್ಟರೆ ಓದುವುದು ಕಷ್ಟ. ಅಧಿಕಾರಿಗಳ ಮುಂದೆ ಧ್ವನಿ ಅಡಗೀತು. ಇವು ನಿಜವಾದ ಕೊರತೆಗಳು. ಆದರೆ ಈ ಕೊರತೆಗಳನ್ನು ತುಂಬುವುದಕ್ಕೆ ಉಪಾಯಗಳುಂಟು. ಕೂಲಿ ಮುಗಿದ ಮೇಲೆ ಸಂಜೆ ಸಭೆ ಸೇರಿಸಬಹುದು. ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿಸಬಹುದು. ಅರ್ಜಿಯನ್ನು ಇನ್ನೊಬ್ಬ ಸದಸ್ಯರಿಂದ ಬರೆಸಬಹುದು. ದಿನವೂ ಶಾಲೆಯ ಬಾಗಿಲಿಗೆ ಬಂದು ನೋಡುವ ಕಣ್ಣನ್ನು ಮಾತ್ರ ಬೇರೆಯವರಿಂದ ಎರವಲು ತರಲಾಗುವುದಿಲ್ಲ. ಶಾಲೆ ನಡೆಯುವ ರೀತಿಯನ್ನು ನೋಡುವುದು ಸಮಿತಿಯ ಮೊದಲನೆಯ ಕರ್ತವ್ಯವಾಗಿರುವಾಗ, ಆ ಕರ್ತವ್ಯವನ್ನು ಚುನಾವಣೆಗೆ ಮುಂಚೆಯೇ ಮಾಡುತ್ತಿರುವವರು ಈ ಮೂವರಲ್ಲಿ ಇವರೊಬ್ಬರೇ.

ಸಮಿತಿಯಲ್ಲಿ ಸ್ಥಾನಗಳು ಹಲವು. ಒಬ್ಬರನ್ನು ಗೆಲ್ಲಿಸಿ ಮಿಕ್ಕವರನ್ನು ಓಡಿಸುವ ಆಟ ಇದಲ್ಲ. ವಿದ್ಯಾವಂತರೂ ಇರಲಿ, ಕಚೇರಿಯ ದಾರಿ ತಿಳಿದವರೂ ಇರಲಿ. ಆದರೆ ಅಧ್ಯಕ್ಷಸ್ಥಾನಕ್ಕೆ ಶಾಲೆಯ ಖರ್ಚಿನಿಂದ ಕಾಸಿನ ಲಾಭವಿಲ್ಲದವರನ್ನು, ಶಾಲೆಗೆ ಅತಿ ಹೆಚ್ಚು ಸಲ ಬರುವವರನ್ನು ಆರಿಸಿ ಎಂಬುದು ನಮ್ಮ ಸಲಹೆ.

ಮತಕೇಳಲು ಬಂದ ಪ್ರತಿಯೊಬ್ಬ ಉಮೇದುವಾರರನ್ನೂ ಇನ್ನೂ ಕೆಲವು ಮಾತು ಕೇಳಿರಿ. ಇವು ನಮ್ಮ ಸೀಮೆಯಿಂದಲೇ ಹುಟ್ಟಿದ ಪ್ರಶ್ನೆಗಳು.

ಮೊದಲನೆಯದು: ‘ಶಾಲೆಗೆ ಬಾರದ ಮಕ್ಕಳ ಹೆಸರು ನಿಮಗೆ ಗೊತ್ತೆ?’ ಮಳೆ ಕೈಕೊಟ್ಟ ವರ್ಷ ನಮ್ಮ ಜನ ಕೊಡಗಿನ ಕಾಫಿ ತೋಟಗಳಿಗೂ ವಯನಾಡಿನ ಶುಂಠಿಯ ಹೊಲಗಳಿಗೂ ಹೋಗುತ್ತಾರೆ. ತಂದೆತಾಯಿಗಳ ಹಿಂದೆ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ. ಹೋಗುವ ಮಕ್ಕಳನ್ನು ಅಜ್ಜಿಯ ಮನೆಯಲ್ಲಿಯೋ ವಿದ್ಯಾರ್ಥಿನಿಲಯದಲ್ಲಿಯೋ ಉಳಿಸುವ ಪ್ರಯತ್ನ ಯಾರು ಮಾಡುವರು?

ಎರಡನೆಯದು: ‘ಕಾಡಂಚಿನ ಮಕ್ಕಳಿಗಾಗಿ ಏನು ಮಾಡುವಿರಿ?’ ಬಂಡೀಪುರದ ಅಂಚಿನ ಹಾಡಿಗಳಿಂದಲೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಂದಲೂ ಬರುವ ಮಗುವಿಗೆ ಆನೆಯ ಭಯವೂ ದಾರಿಯ ದೂರವೂ ಪಾಠದಷ್ಟೇ ನಿಜವಾದ ಸಂಗತಿಗಳು. ಅವರ ತಂದೆತಾಯಿಗಳಲ್ಲೊಬ್ಬರು ಸಮಿತಿಯಲ್ಲಿ ಕುಳಿತಿದ್ದರೆ ಶಾಲೆಯ ಯೋಜನೆಯಲ್ಲಿ ಆ ದಾರಿಯೂ ಸೇರುತ್ತದೆ. ಇಲ್ಲವಾದರೆ ಆ ಮಗು ‘ಗೈರುಹಾಜರು’ ಎಂಬ ಒಂದು ಗೆರೆಯಾಗುತ್ತದೆ.

ಮೂರನೆಯದು: ‘ಏಳನೆಯ ತರಗತಿ ಮುಗಿಸಿದ ಹುಡುಗಿಯರು ಮುಂದೆ ಎಲ್ಲಿಗೆ ಹೋದರು?’ 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಅಕ್ಷರಸ್ಥರು ನೂರಕ್ಕೆ 75 ಮಂದಿಯಿದ್ದರೆ ನಮ್ಮ ಜಿಲ್ಲೆಯಲ್ಲಿ ಸುಮಾರು 61. ನಮ್ಮ ಪುರುಷರಲ್ಲಿ ಸುಮಾರು 68, ಸ್ತ್ರೀಯರಲ್ಲಿ ಸುಮಾರು 55. ಈ ಅಂತರವನ್ನು ಮುಚ್ಚಬೇಕಾದವರು ಬೆಂಗಳೂರಿನಿಂದ ಬರುವುದಿಲ್ಲ. ಹುಡುಗಿಯ ಮದುವೆಯ ಮಾತು ಎತ್ತಿದ ಮನೆಗೆ ಹೋಗಿ ‘ಇನ್ನೂ ಓದಲಿ’ ಎಂದು ಹೇಳುವ ಧೈರ್ಯವುಳ್ಳವರು ಬೇಕು.

ನಾಲ್ಕನೆಯದು: ‘ಮಧ್ಯಾಹ್ನದ ಊಟವನ್ನು ಯಾವಾಗ ರುಚಿ ನೋಡಿದಿರಿ?’ ಬೇಯಿಸಿದ ಊಟ ಮಕ್ಕಳ ಹಕ್ಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಅಕ್ಷರದಾಸೋಹ 2002ರಲ್ಲಿ ಆರಂಭವಾಯಿತು. ಅದು ಯಾರ ದಾನವೂ ಅಲ್ಲ. ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆಯೆ, ಯಾರು ಬೇಯಿಸಿದರೂ ಉಣ್ಣುತ್ತಾರೆಯೆ ಎಂದು ನೋಡುವುದೂ ಈ ಪ್ರಶ್ನೆಯೊಳಗೇ ಸೇರಿದೆ. ಇದಕ್ಕೆ ಮುಖ ತಿರುಗಿಸುವ ಉಮೇದುವಾರರಿಗೆ ಮತ ಕೊಡುವುದು ಮಕ್ಕಳಿಗೆ ಮಾಡುವ ದ್ರೋಹವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಐದನೆಯದು: ‘ಲೆಕ್ಕವನ್ನು ಎಷ್ಟು ದಿನಕ್ಕೊಮ್ಮೆ ನಮ್ಮೆಲ್ಲರ ಮುಂದೆ ಓದಿ ಹೇಳುವಿರಿ?’ ದಿನವನ್ನು ಗೊತ್ತುಮಾಡಿ ಹೇಳದ ಉತ್ತರ ಉತ್ತರವಲ್ಲ.

ಈ ಪ್ರಶ್ನೆಗಳನ್ನು ಮೇಷ್ಟರ ಮೇಲೆ ದಂಡೆತ್ತಿ ಹೋಗುವುದಕ್ಕೆ ಆಯುಧಗಳೆಂದು ಯಾರೂ ತಿಳಿಯಬಾರದು. ತಡವಾಗಿ ಬರುವ ಮೇಷ್ಟರನ್ನು ಕೇಳುವುದು ಸಮಿತಿಯ ಕರ್ತವ್ಯವೇ ಸರಿ. ಆದರೆ ಒಬ್ಬರೇ ಮೂರು ತರಗತಿಗಳನ್ನು ಹಿಡಿದುಕೊಂಡು, ಮೊಟ್ಟೆಯ ಲೆಕ್ಕವನ್ನೂ ಹಾಲಿನ ಲೆಕ್ಕವನ್ನೂ ಬರೆದು, ತಾಲ್ಲೂಕು ಕಚೇರಿಯ ಸಭೆಗೂ ಓಡುವ ಮೇಷ್ಟರ ಪರವಾಗಿ ‘ಇನ್ನೊಬ್ಬರನ್ನು ಕಳುಹಿಸಿ’ ಎಂದು ಅಧಿಕಾರಿಗಳ ಮುಂದೆ ನಿಲ್ಲುವುದೂ ಅದರ ಕರ್ತವ್ಯವೇ. ಇವೆರಡನ್ನೂ ಮಾಡಬಲ್ಲವರು ಯಾರೆಂದು ನೋಡಿರಿ. ಸೋತ ಉಮೇದುವಾರರನ್ನೂ ಊರು ಕೈಬಿಡಬಾರದು. ಗೆದ್ದವರೇ ಅವರ ಮನೆಗೆ ಹೋಗಿ, ಅರ್ಜಿ ಬರೆಯುವುದನ್ನೋ ಪುಸ್ತಕಾಲಯವನ್ನು ನೋಡಿಕೊಳ್ಳುವುದನ್ನೋ ಒಪ್ಪಿಸಬೇಕು. ಊರಿನ ಶಾಂತಿಯನ್ನು ಕಾಪಾಡುವುದಕ್ಕೆ ಮುಚ್ಚುಮರೆಯ ಪಟ್ಟಿಗಿಂತ ಇದು ಒಳ್ಳೆಯ ಉಪಾಯ.

ಕಡೆಯದಾಗಿ ಕನ್ನಡದ ವಿಷಯ. ನಾವು ಗಡಿಯ ಜನ. ಗುಂಡ್ಲುಪೇಟೆಯಿಂದ ಒಂದು ರಸ್ತೆ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ಚಾಮರಾಜನಗರದ ಆಚೆ ತಾಳವಾಡಿಯ ಸೀಮೆ; 1956ರಲ್ಲಿ ಅದು ಆಚೆಯೇ ಉಳಿಯಿತು; ಇಂದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಅಲ್ಲಿಯೂ ಕನ್ನಡದ ಮನೆಗಳಿವೆ, ಕನ್ನಡ ಮಾಧ್ಯಮದ ಶಾಲೆಗಳಿವೆ. ಭೂಪಟದ ಗೆರೆಯನ್ನು ಬದಲಿಸುವುದು ಈ ಸಭೆಯ ಕೈಯಲ್ಲಿಲ್ಲ. ಕನ್ನಡದ ಶಾಲೆಯೊಂದು ತುಂಬಿರಬೇಕೊ ಬರಿದಾಗಬೇಕೊ ಎಂಬುದರಲ್ಲಿ ಮಾತ್ರ ನಮ್ಮ ಕೈಯೂ ಇದೆ. ತಂದೆತಾಯಿಗಳು ಕನ್ನಡದ ಮೇಲಿನ ದ್ವೇಷದಿಂದ ಮಕ್ಕಳನ್ನು ಬೇರೆ ಶಾಲೆಗೆ ಕಳುಹಿಸುತ್ತಾರೆಂದು ನಾವು ನಂಬುವುದಿಲ್ಲ. ಹತ್ತಿರದ ಶಾಲೆಯ ಮೇಲೆ ಭರವಸೆ ತಪ್ಪಿದಾಗ ಕಳುಹಿಸುತ್ತಾರೆ. ರಾಜ್ಯೋತ್ಸವದ ದಿನ ಬಾವುಟ ಹಾರಿಸುವ ಅಭಿಮಾನ ಒಳ್ಳೆಯದೇ. ವರ್ಷದ 200 ದಿನವೂ ಶಾಲೆಯ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯುವಂತೆ ನೋಡಿಕೊಳ್ಳುವ ಅಭಿಮಾನ ಅದಕ್ಕಿಂತ ಹೆಚ್ಚು ಬೇಕಾಗಿದೆ.

ತಾಯಂದಿರೆ, ಮಹಾಜನಗಳೆ, ಸಮಿತಿಯ ಸಭೆಯ ದಿನ ಒಂದು ಹೊತ್ತಿನ ಕೆಲಸವನ್ನು ಬಿಟ್ಟಾದರೂ ಬನ್ನಿರಿ. ಬಂದು ಸುಮ್ಮನೆ ಕೂಡಬೇಡಿರಿ. ಕೇಳಿರಿ, ಹೋಲಿಸಿರಿ, ಆಮೇಲೆ ಕೈಯೆತ್ತಿರಿ. ಮೊದಲೇ ಬರೆದ ಪಟ್ಟಿಯನ್ನು ಓದತೊಡಗಿದರೆ, ‘ಸ್ವಾಮಿ, ಇವರು ಯಾರ ಮಕ್ಕಳ ತಂದೆತಾಯಿಗಳು, ಶಾಲೆಗಾಗಿ ಏನು ಮಾಡುವರು, ಸ್ವಲ್ಪ ತಿಳಿಸಿ’ ಎಂದು ವಿನಯದಿಂದ ಎದ್ದು ಕೇಳಿರಿ. ಒಬ್ಬರು ಕೇಳಿದರೆ ಸಾಕು, ಉಳಿದವರಿಗೂ ಧೈರ್ಯ ಬರುತ್ತದೆ. ಈ ಚುನಾವಣೆಯಲ್ಲಿ ಮತವಿಲ್ಲದವರು ನಮ್ಮ ಮಕ್ಕಳು ಮಾತ್ರ. ಅವರ ಪರವಾಗಿ ನಾವು ಹಾಕುವ ಮತವಿದೆಂಬುದನ್ನು ಮರೆಯಬಾರದು.